ಆಸ್ರಿಗೆ ಕೊಡುವ ಹೆಂಗಸಿನ ಗೋಡೆ

ಮನುಕುಲದ ಚರಿತ್ರೆಯೆಂದರೆ ಗೋಡೆ ಕಟ್ಟುವವರಿಗೂ ಗೋಡೆ ಕೆಡಹುವವರಿಗೂ ನಡೆದ ದೀರ್ಘ ಸಂಗ್ರಾಮ ಎಂದು ದೊಡ್ಡವರು ಭಾಷಣಗಳಲ್ಲಿ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಎರಡೂ ಪಕ್ಷದವರು ಸಿಮೆಂಟು ತರುವುದು ಒಂದೇ ಅಂಗಡಿಯಿಂದ, ಮತ್ತು ಎರಡೂ ಪಕ್ಷದವರು ಗೋಡೆಗೆ ನೀರು ಹಾಕಿಸುವುದನ್ನು ಮರೆಯುತ್ತಾರೆ. ನಾನು ಮೂರನೆಯ ಪಕ್ಷದವನು, ಗೋಡೆಯ ಮೇಲೆ ಚಿತ್ರ ಕೊರೆಯುವವನು. ಈ ಮೂರನೆಯ ಪಕ್ಷ ನಿರುಪದ್ರವಿ ಎಂದು ಕಳೆದ ಬೇಸಿಗೆಯವರೆಗೆ ನಂಬಿಕೊಂಡಿದ್ದೆ.

ಗೋಡೆ ಇದ್ದದ್ದು ಕುಂದಾಪುರದಿಂದ ಬೈಂದೂರಿಗೆ ಹೋಗುವಾಗ ಹೆದ್ದಾರಿಯಿಂದ ಪಡುವಣಕ್ಕೆ ಒಳಸೇರಿದ ಒಂದು ಊರಿನಲ್ಲಿ. ಹೆಸರು ಹೇಳುವುದಿಲ್ಲ. ಅಲ್ಲಿಯವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗಿ ಆಗಬೇಕಾದ್ದೇನೂ ಇಲ್ಲ. ಅಲ್ಲಿ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಜಾಗದಲ್ಲಿ ತಗಡಿನ ಶೆಡ್ಡುಗಳ ಒಂದು ಸಾಲು. ಬಂಗಾಳ, ಒಡಿಶಾ, ಜಾರ್ಖಂಡಿನ ಕಡೆಯಿಂದ ಬಂದವರು ಅದರಲ್ಲಿದ್ದರು. ಗಾರೆ ಕೆಲಸದವರು, ಬೋಟಿಗೆ ಹೋಗುವವರು, ಮೀನಿನ ಶೆಡ್ಡಿನಲ್ಲಿ ಸಿಗಡಿ ಸುಲಿಯುವ ಹೆಂಗಸರು. ಎದುರಿಗೊಂದು ಓಣಿ. ಓಣಿಯ ಆಚೆ ಬದಿಗೆ ಹೊಸ ಬಡಾವಣೆ, ಹೆಚ್ಚಿನ ಮನೆಗಳು ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರದ್ದು. ಓಣಿ ಹಿಡಿದರೆ ಅಂಗಡಿ, ಅಂಗಡಿ ದಾಟಿದರೆ ಶಾಲೆ.

ಆ ಓಣಿಯ ಅಂಚಿಗೆ ಬಡಾವಣೆಯವರು ಕೆಂಪು ಕಲ್ಲಿನ ಗೋಡೆ ಎಬ್ಬಿಸಿದರು. ಶೆಡ್ಡಿನವರು ಯಾರೋ ಏನೋ, ಬಾಂಗ್ಲಾದೇಶದವರೂ ಇದ್ದಾರು ಎಂಬುದು ಕಾರಣ. ಆಧಾರ್ ಕಾರ್ಡು ತಂದು ತೋರಿಸಿದವರಿಗೆ, “ಕಾರ್ಡ್ ಈಗ ಯಾರಿಗ್ ಸಿಕ್ಕುದಿಲ್ಲೆ?” ಎಂಬ ಉತ್ತರ. ಗೋಡೆ ಎದ್ದ ಮೇಲೆ ಶೆಡ್ಡಿನವರು ಹಿಂಬದಿಯಿಂದ ಇಳಿದು, ಹಿಂದೆ ಹಂಚಿಗೆ ಮಣ್ಣು ತೆಗೆದ ದೊಡ್ಡ ಗುಂಡಿಯ ದಂಡೆ ಸುತ್ತಿ, ಹೆದ್ದಾರಿ ಹತ್ತಿ, ಲಾರಿಗಳ ಮಗ್ಗುಲಲ್ಲೇ ನಡೆದು ಅದೇ ಅಂಗಡಿಗೆ ಬರಬೇಕಾಯಿತು. ಬೇಸಿಗೆಯಲ್ಲಿ ಅದು ಬರೀ ಸುತ್ತು. ಮಳೆಗಾಲದಲ್ಲಿ ಆ ಗುಂಡಿ ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಅಥವಾ ಯೋಚಿಸಿದ್ದರು.

ನನ್ನನ್ನು ಅಲ್ಲಿಗೆ ಕರೆದವರು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಒಬ್ಬ ಮೇಡಂ. ದಾರಿ ಬಿಡಿಸಿಕೊಡಿ ಎಂದು ಪಂಚಾಯತಿಗೆ ಹೋಗಿ ಬಂದು, ಅಲ್ಲಿ “ಕಾಂಬ”, ಅಂದರೆ ನೋಡೋಣ, ಎಂಬ ಒಂದೇ ಮಾತು ಕೇಳಿ ಕೇಳಿ ಬೇಸತ್ತಿದ್ದರು. ಬ್ರಹ್ಮಾವರದ ಹತ್ತಿರ ಒಂದು ದೇವಸ್ಥಾನದ ಗೋಡೆಯಲ್ಲಿ ನಾನು ಕಾವಿ ರಿಪೇರಿ ಮಾಡುತ್ತಿದ್ದಲ್ಲಿಗೇ ಬಂದರು. ಕಾವಿ ಎಂದರೆ ನಮ್ಮ ಕರಾವಳಿಯ ಹಳೇ ದೇವಸ್ಥಾನಗಳಲ್ಲಿ ಕಾಣುವ ಕೆಂಪು–ಬಿಳಿ ಚಿತ್ರ. ಸುಣ್ಣದ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ತೆಳು ಗಾರೆ ಬಳಿದು, ಹಸಿ ಇರುವಾಗಲೇ ಮೊನಚು ಕಂಟದಿಂದ ಕೆಂಪನ್ನು ಕೆರೆದು ಅಡಿಯ ಬಿಳಿ ಹೊರಡಿಸುವುದು. ಬಣ್ಣ ಅಲ್ಲ, ಗೋಡೆಯ ಚರ್ಮವೇ ಚಿತ್ರ.

“ಗೋಡೆಯ ವಿರುದ್ಧ ಗೋಡೆಯ ಮೇಲೇ ಹೇಳ್ಬೇಕು,” ಎಂದರು ಮೇಡಂ. “ಫ್ಲೆಕ್ಸ್ ಹಾಕಿದ್ರೆ ಮರುದಿನ ಹರೀತಾರೆ. ನಿಮ್ದನ್ನ ಹರಿಯೂಕೆ ಆಗುದಿಲ್ಲ ಅಲ್ವಾ?”

“ಅದ್ ಹೋಯ್ಕಾರೆ ಗೋಡೆಯೇ ಹೋಯ್ಕ್,” ಎಂದೆ, ಭಾರೀ ಹೆಮ್ಮೆಯಿಂದ.

ಚಿತ್ರ ಹೋಗಬೇಕಾದರೆ ಗೋಡೆಯೇ ಹೋಗಬೇಕು ಎಂಬ ಆ ಮಾತನ್ನು ಇಬ್ಬರೂ ಸಂತೋಷದಿಂದ ಕೇಳಿಸಿಕೊಂಡೆವು. ಅದರ ಅರ್ಥ ಇಬ್ಬರಿಗೂ ಹೊಳೆಯಲಿಲ್ಲ.

ಇನ್ನೊಬ್ಬರ ಗೋಡೆಯ ಮೇಲೆ ಪ್ರತಿಭಟನೆ ಕೊರೆಯಲು ಅನುಮತಿ ಹೇಗೆ ಎಂಬ ಪ್ರಶ್ನೆಗೆ ಸರ್ವೆಯವರು ಉತ್ತರ ಕೊಟ್ಟರು. ಅಳೆದು ನೋಡಿದಾಗ ಗೋಡೆ ಕಾರ್ಖಾನೆಯ ಜಾಗದೊಳಕ್ಕೆ ಗೇಣಷ್ಟು ಬಂದಿತ್ತು. ಗಡಿ ಕಾಯಲು ಹೊರಟವರು ಮೊದಲು ತಾವೇ ಗಡಿ ದಾಟಿದ್ದರು. ಮಂಗಳೂರಿನಲ್ಲಿದ್ದ ಜಾಗದ ಯಜಮಾನರು ಫೋನಿನಲ್ಲಿ, “ಒಡೆಯುದು ಗಿಡೆಯುದು ಎಲ್ಲ ಪಂಚಾಯತಿಯವ್ರು ನೋಡ್ಕೊಳ್ಲಿ, ಚಿತ್ರ ಬೇಕಾದ್ರೆ ಮಾಡಿ,” ಎಂದು ಅಪ್ಪಣೆ ಕೊಟ್ಟರು. ಜಗಳಕ್ಕಿಂತ ಚಿತ್ರ ಸಸ್ತಾ ಎಂದು ಅವರ ಲೆಕ್ಕ.

ಕೆಲಸ ಹಿಡಿದದ್ದು ಮಾರ್ಚಿನಲ್ಲಿ. ಕಲ್ಲಿನ ಸಂದುಗಳಿಗೆಲ್ಲ ಸಿಮೆಂಟು ಮೆತ್ತಿದ್ದರು. ಸುಣ್ಣ ಸಿಮೆಂಟಿನ ಮೇಲೆ ಕೂರುವುದಿಲ್ಲ. ಆದ್ದರಿಂದ ಓಣಿಯ ಕಡೆಯ ಮುಖವನ್ನೆಲ್ಲ ಉಳಿಯಿಂದ ಒರಟು ಮಾಡಬೇಕಾಯಿತು. ನನಗೆ ಗಾರೆ ಹಾಕಲು ಸಿಕ್ಕಿದವನು ಶೆಡ್ಡಿನಲ್ಲೇ ಇದ್ದ ಮಾಲ್ಡಾ ಕಡೆಯ ಮೇಸ್ತ್ರಿ. ಕೇಳಿ ನೋಡಿದರೆ ಈ ಗೋಡೆಯನ್ನು ಕಟ್ಟಿದ್ದೂ ಅವನೇ. ಕಂಟ್ರಾಕ್ಟರು ಕರೆದಿದ್ದರು, ಹೋಗಿದ್ದ. ಈ ಸಂಗತಿಯ ಮೇಲೆ ನಾನೊಂದು ಗಂಭೀರ ಮಾತು ಆಡಬೇಕೆಂದು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಅವನ ಹೆಂಡತಿ ಹೇಳಿ ಮುಗಿಸಿದಳು.

“ಗೋಡೆ ಕಟ್ಟುಕೆ ಇವ್ರೇ ಆಯ್ಕ್. ದಾಟುಕೆ ಮಾತ್ರ ಇವ್ರ್ ಆಪುದಿಲ್ಲೆ.”

ನಾನು ತಿರುಗಿ ನೋಡಿದೆ. ಮೇಸ್ತ್ರಿಗೆ ಬಂಗಾಳಿ, ಹಿಂದಿ ಬಿಟ್ಟರೆ ಕನ್ನಡದಲ್ಲಿ ‘ನೀರು’, ‘ಊಟ’, ‘ನಾಳೆ’ ಅಷ್ಟೇ. ಅವಳು ಸಿಗಡಿ ಸುಲಿಯುತ್ತ ಊರಿನ ಹೆಂಗಸರ ಮಧ್ಯೆ ಕೂತು ಕುಂದಾಪ್ರ ಕನ್ನಡವನ್ನು ಬೇರುಸಮೇತ ಕಲಿತಿದ್ದಳು. ಮಗಳು ಓಣಿಯ ಶಾಲೆಯಲ್ಲಿ ಎರಡನೆಯ ತರಗತಿ. ಆ ದಾರಿ ಯಾರಿಗೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ಇಬ್ಬರನ್ನು ತೋರಿಸುತ್ತಿದ್ದೆ. ಬೆಳಿಗ್ಗೆ ಮಗಳ ಕೈ ಹಿಡಿದು ಹೆದ್ದಾರಿ ಸುತ್ತಿ ಬಿಟ್ಟು ಬರುವಳು, ಸಂಜೆ ಮತ್ತೆ. ಅಷ್ಟರಲ್ಲಿ ಸಿಗಡಿಯ ಕೆಲಸಕ್ಕೆ ತಡವಾಗಿ ಬೈಸಿಕೊಳ್ಳುವಳು.

ಚಿಪ್ಪಿ ಸುಣ್ಣ ಬ್ರಹ್ಮಾವರದ ಕಡೆಯಿಂದ ಬಂತು. ಅದನ್ನು ಬೆಲ್ಲದ ನೀರಿನಲ್ಲಿ ಹೊಯಿಗೆ, ಅಂದರೆ ಮರಳಿನೊಂದಿಗೆ ಕಲಸಿ, ಹುಳಿ ಬರುವ ತನಕ ಬಿಟ್ಟು, ಒನಕೆಯಿಂದ ಕುಟ್ಟಿ, ಮತ್ತೆ ಬಿಟ್ಟು, ಮತ್ತೆ ಕುಟ್ಟಬೇಕು. ಬೆಲ್ಲಕ್ಕೆ ಬಂದ ಇರುವೆಗಳ ಮೆರವಣಿಗೆ ಗೋಡೆಯನ್ನು ನಿರಾತಂಕವಾಗಿ ದಾಟುತ್ತಿತ್ತು. ಮೊದಲ ತುಂಡು ಹಾಕಿದ್ದು ಹಾಳಾಯಿತು. ಹೊಳೆಬಾಯಿಯ ಹೊಯಿಗೆ ತಂದಿದ್ದರು. ಒಣಗುವಾಗ ಉಪ್ಪು ಮೇಲೆ ಬಂದು ಕೆಂಪು ತುಂಬ ಬಿಳಿ ಬೂಸಲು. ಕೆತ್ತಿ ತೆಗೆದು, ಸಿಹಿನೀರಿನ ಹೊಯಿಗೆ ತರಿಸಿ, ಮೊದಲಿನಿಂದ ಶುರು. ಒಂದು ದಿನಕ್ಕೆ ಎಷ್ಟು ಕೊರೆಯಲಾಗುತ್ತದೋ ಅಷ್ಟೇ ಜಾಗಕ್ಕೆ ಕೆಂಪು ಬಳಿಯಬೇಕು. ನೀರುದೋಸೆಯಷ್ಟು ತೆಳು. ನುಣುಪು ಕಲ್ಲಿನಿಂದ ತಿಕ್ಕಿ ಹೊಳಪು ತರಬೇಕು, ಕೈವಾರದಿಂದ ಅಂಚಿನ ಬಳ್ಳಿ ಎಳೆಯಬೇಕು, ಕೈ ನಡುಗದೆ ಕೆರೆಯಬೇಕು. ತಪ್ಪಿದರೆ ತಿದ್ದಲು ಬರುವುದಿಲ್ಲ. ಆ ತುಂಡು ಪೂರ್ತಿ ತೆಗೆದು ಹೊಸತು.

ಮೇಡಂಗೆ ಘೋಷಣೆ ಬೇಕಿತ್ತು. ಅಕ್ಷರ ಬೇಡ, ಚಿತ್ರವೇ ಮಾತಾಡಲಿ ಎಂದು ನಾನು ಹಟ ಹಿಡಿದೆ. ಎಡಗಡೆಗೆ ನಮ್ಮ ಊರಿನ ಹುಡುಗರು, ತಲೆಯ ಮೇಲೆ ಟ್ರಂಕು, ಬೊಂಬಾಯಿಯ ಬಸ್ಸಿಗೆ ನಿಂತವರು. ಬಲಗಡೆಗೆ ರೈಲಿನಿಂದ ಇಳಿದು ಇಲ್ಲಿಗೆ ಬರುವವರು, ಹೆಗಲಲ್ಲಿ ಚೀಲ. ಹೋಗುವವರೂ ಬರುವವರೂ ಒಂದೇ ಸಾಲು. ಮುಖ ಕೂಡ ಒಂದೇ ಅಚ್ಚು, ಕಾವಿಯ ರೂಢಿಯಂತೆ ಪಕ್ಕದಿಂದ ನೋಡಿದ ಮೂಗು, ಮೀನಿನಂಥ ಕಣ್ಣು. ನಡುವೆ, ಸರಿಯಾಗಿ ಹಳೆಯ ದಾರಿ ಇದ್ದ ಜಾಗದಲ್ಲಿ, ಆಸ್ರಿಗೆ ಕೊಡುವ ಹೆಂಗಸು. ಬಿಸಿಲಿನಲ್ಲಿ ಯಾರು ಅಂಗಳಕ್ಕೆ ಬಂದರೂ ನಮ್ಮಲ್ಲಿ ಮೊದಲು ಕೇಳುವುದು “ಆಸ್ರಿಗೆ ಬೇಕಾ?” ಎಂದು. ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ. ಹೆಸರು, ಊರು, ಕೆಲಸ ಎಲ್ಲ ಆಮೇಲೆ.

ಅವಳ ಮುಖ ಮುಗಿಸಿ ಕೆಳಗಿಳಿದಾಗ ಮೇಸ್ತ್ರಿಯ ಹೆಂಡತಿ ಹೆದ್ದಾರಿಯಿಂದ ಸುತ್ತಿಕೊಂಡು ಓಣಿಗೆ ಬಂದಿದ್ದಳು. ಸೊಂಟಕ್ಕೆ ಕೈಯಿಟ್ಟು ನೋಡಿದಳು.

“ಅಜ್ಜಯ್ಯ, ಇವ್ಳ್ ನೀರ್ ಕೊಡ್ತ್ಲಾ, ಬೈತ್ಲಾ?”

“ಎಂತಕೆ?”

“ಬಾಯಿ ಕಾಣಿ. ನಂಗ್ಳ ಸಿಗಡಿ ಶೆಡ್ಡಿನ ಯಜಮಾನ್ತಿ ಹಾಂಗೇ ಇತ್ತ್. ಇವ್ಳ್ ಕೊಟ್ಟ್ ನೀರ್ ನಾ ಕುಡುದಿಲ್ಲೆ.”

ಅದನ್ನೇ ಅವಳು ಬಂಗಾಳಿಯಲ್ಲಿ ಹೇಳಿದ್ದಕ್ಕೆ ಮೇಸ್ತ್ರಿ ಗಾರೆ ಹಲಗೆಯ ಹಿಂದೆ ಮುಖ ಮರೆಸಿಕೊಂಡು ನಕ್ಕ. ಹತ್ತು ಹಳೇ ಗೋಡೆಗಳ ಅನುಭವ ನನ್ನದು ಎಂದು ಹೇಳಬಹುದಿತ್ತು. ಮತ್ತೆ ಹತ್ತಿ ನೋಡಿದೆ. ಬೈಯುತ್ತಿದ್ದಳು, ಅನುಮಾನವಿಲ್ಲ. ಆ ತುಂಡು ಪೂರ್ತಿ ತೆಗೆದು ಮರುದಿನ ಹೊಸತಾಗಿ ಕೊರೆದೆ. ಈ ಸಲದ ಮುಖ ನನ್ನ ಕೈಯಿಂದ ಬಂದ ಮುಖಗಳಲ್ಲೇ ಒಳ್ಳೆಯದು. ಇದನ್ನು ನಾನೇ ಹೇಳಿಕೊಳ್ಳುವುದು ಸಭ್ಯತೆ ಅಲ್ಲ, ಆದರೆ ಮುಂದಿನ ಅಸಭ್ಯತೆ ಅರ್ಥವಾಗಬೇಕಾದರೆ ಹೇಳಬೇಕು.

ಏಪ್ರಿಲ್ ಕೊನೆಗೆ ಒಂದು ಗಾಳಿಮಳೆ ಅಡ್ಡಡ್ಡ ಹೊಡೆದು ಹೊಸ ಕೆಂಪಿನ ಒಂದು ಮೂಲೆ ತೊಳೆದುಹೋಯಿತು. ಕಾವಿಗೆ ಮಾಡಿನ ನೆರಳು ಬೇಕು, ಬಯಲು ಗೋಡೆಯಲ್ಲಿ ಬಾಳುವುದಿಲ್ಲ. ಕಾರ್ಖಾನೆಯ ಮೂಲೆಯಲ್ಲಿ ರಾಶಿ ಬಿದ್ದಿದ್ದ ಹಳೇ ಹಂಚು ತೆಗೆದು, ಗೋಡೆಯ ತಲೆಗೆ ಉದ್ದಕ್ಕೂ ಒಂದೇ ಕಡೆಗೆ ಇಳಿಜಾರಾದ ಹಂಚಿನ ಟೊಪ್ಪಿ ಕೂರಿಸಿದೆವು. ಸಂದುಗಳಿಗೆ ಒಳ್ಳೆಯ ಗಾರೆ ತುಂಬಿದೆವು. ಬಡಾವಣೆಯವರು ಅವಸರದಲ್ಲಿ ಎಬ್ಬಿಸಿ ಬಿಟ್ಟಿದ್ದ ಗೋಡೆಯನ್ನು, ಅದರ ವಿರೋಧಿಗಳಾದ ನಾವು ಎರಡು ತಲೆಮಾರು ನಿಲ್ಲುವ ಹಾಗೆ ಭದ್ರ ಮಾಡಿದೆವು. ಕ್ರಮವಾಗಿ ನೀರನ್ನೂ ಹಾಕಿದೆವು.

ಗೋಡೆ ಕಟ್ಟಿಸಿದವರ ಮುಂದಾಳು, ಮುಂಬೈಯಲ್ಲಿ ಎರಡು ಹೋಟೆಲಿದ್ದ ಯಜಮಾನರು, ಮೊದಮೊದಲು ಗೇಟಿನಲ್ಲಿ ನಿಂತು ದುರುಗುಟ್ಟಿ ನೋಡುತ್ತಿದ್ದರು. ಆಮೇಲೆ ಕುರ್ಚಿ ತಂದು ಕೂತರು. ಒಂದು ದಿನ ಎದ್ದು ಬಂದರು.

“ಹ್ವಾಯ್, ಆ ಟ್ರಂಕಿಗೆ ಬೀಗ ಹಾಕಿ ಮರಾಯ್ರೆ. ನಂಗ್ಳ ಟ್ರಂಕಿಗೆ ಬೀಗ ಇತ್ತ್. ಒಳಗೆ ಎಂತದೂ ಇರ್ಲಿಲ್ಲ, ಬೀಗ ಮಾತ್ರ ಏಕ್ದಂ ಪಷ್ಟ್.”

ನಾನು ಬೀಗ ಕೊರೆದೆ. ಅವರು ಕರಗಿದರು. ಹೋಟೆಲಿನ ಮೇಜಿನ ಮೇಲೆ ಮಲಗಿದ್ದು, ಲೋಟ ತೊಳೆದು ಬೆರಳ ಸಂದು ಕೊಳೆತದ್ದು, ಎಲ್ಲ ಹೇಳಿದರು. “ಅಲ್ಲಿಯವ್ರ್ ಒಂದ್ಸಲ ಹೊಡುಕೇ ಬಂದಿದ್ರ್, ನಿಮ್ಮ್ ಊರಿಗ್ ಹೋಯ್ನಿ ಅಂದೆಳಿ. ನಾವ್ ಶಟರ್ ಎಳ್ಕಂಡ್ ಒಳಗೆ ಕೂಕಂಡಿತ್. ಭಾಷಿ ಬಾರ, ಹೋಪುದೆಲ್ಲಿಗೆ?”

ಎದೆ ತುಂಬಿ ಬಂತು. ಕಲೆ ಕಲ್ಲನ್ನು ಕರಗಿಸಿತು ಎಂದು ಮನಸ್ಸಿನಲ್ಲೇ ಒಂದು ಸನ್ಮಾನಪತ್ರ ಬರೆದುಕೊಂಡು, “ಹಾಂಗಾರೆ ಇವ್ರದ್ದೂ ಅದೇ ಕತೆ ಅಲ್ದಾ ಯಜಮಾನ್ರೆ?” ಎಂದು ಬಲಗಡೆಯ ಸಾಲು ತೋರಿಸಿದೆ.

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಅದ್ ಹ್ಯಾಂಗ್? ನಾವ್ ಹೋದ್ದ್ ದುಡಿಯುಕೆ. ಇವ್ರ್ ಬಪ್ದ್ ಎಂತಕೆ ಅಂದ್ ಯಾರಿಗ್ ಗೊತ್ತಿತ್ತ್?”

ಆಗಲೇ ಎಚ್ಚರಾಗಬೇಕಿತ್ತು. ನಾನು ಬೀಗದ ಕಿವಿಗೆ ಒಂದು ಗೆರೆ ಸೇರಿಸುತ್ತಿದ್ದೆ.

ಮೇ ತಿಂಗಳಲ್ಲಿ ಚಿತ್ರ ಮುಗಿಯಿತು. ಪೇಪರಿನಲ್ಲಿ ಫೋಟೋ ಬಂತು. ಕೊಲ್ಲೂರಿಗೆ ಹೋಗುವ ಜೀಪುಗಳು ಕೂಡ ಒಂದೆರಡು ಓಣಿಗೆ ತಿರುಗಿದವು. ಗೋಡೆಯ ಎದುರು ಜನ ನಿಂತು ಫೋಟೋ ಹೊಡೆಸಿಕೊಳ್ಳತೊಡಗಿದ ಮೇಲೆ ಪಂಚಾಯತಿಗೂ ‘ಕಾಂಬ’ ಎನ್ನುವುದು ಕಷ್ಟವಾಗಿ, ಅಧ್ಯಕ್ಷೆಯವರು ಸ್ಥಳ ಪರಿಶೀಲನೆಗೆ ಬಂದರು. ಮೇಡಂ ಗೆದ್ದ ಮುಖದಲ್ಲಿದ್ದರು. ಬಡಾವಣೆಯವರು ಒಂದು ಬದಿ, ಶೆಡ್ಡಿನವರು ಇನ್ನೊಂದು ಬದಿ. ಮೇಸ್ತ್ರಿಯ ಹೆಂಡತಿ ಕೆಲಸ ಬಿಟ್ಟು ಮಗಳನ್ನೂ ಕರೆದುಕೊಂಡು ಬಂದಿದ್ದಳು.

ಅಧ್ಯಕ್ಷೆಯವರು ಚುರುಕಿನವರು. ಸುತ್ತ ನೋಡಿ ಎರಡು ಮಾತಿನಲ್ಲಿ ಹೇಳಿದರು. “ಮಳಿಗಾಲಕ್ಕ್ ಮುಂಚೆ ಒಂದ್ ದಾರಿ ಬಿಡ್ಕ್. ಆಚಿ ತುದಿಯಂಗೆ ಟ್ರಾನ್ಸ್‌ಫಾರ್ಮರ್ ಇತ್ತ್, ಈಚಿ ತುದಿಯಂಗೆ ತೋಡ್ ಇತ್ತ್. ಮಧ್ಯ, ಹಳೀ ದಾರಿ ಇದ್ದಲ್ಲೇ ಒಡುದ್. ಆಯ್ತಲ್ಲ?”

ಮಧ್ಯ ಎಂದರೆ ಆಸ್ರಿಗೆ ಕೊಡುವ ಹೆಂಗಸು.

ಹೋಟೆಲಿನ ಯಜಮಾನರು ಎದ್ದು ನಿಂತರು. ಬಾಂಗ್ಲಾದ ಮಾತೇ ಎತ್ತಲಿಲ್ಲ. ಸ್ವರ ನಡುಗುತ್ತಿತ್ತು, ನಾಟಕ ಆಗಿರಲಿಲ್ಲ. “ದಾರಿ ಬ್ಯಾಡ ಅಂಬುದಿಲ್ಲೆ ನಾ. ಆರೆ ಇದ್ ಕಲೆ. ನಂಗ್ಳ ಹಿರಿಯರ್ ಮಾಡ್ಕಂಡ್ ಬಂದ್ ಕಲೆ. ಇದನ್ನ್ ಒಡುಕೆ ಯಾರಿಗಾರೂ ಕೈ ಬತ್ತಾ?”

ಬಡಾವಣೆಯವರೆಲ್ಲ ಹೌದು ಹೌದು ಎಂದರು. ಗೋಡೆ ಒಡೆಯಿರಿ ಎಂದು ಕೂಗಲು ಬಂದವರಲ್ಲೂ ಒಂದಿಬ್ಬರು ತಲೆಯಾಡಿಸಿದ್ದನ್ನು ನೋಡಿದೆ.

ಅಧ್ಯಕ್ಷೆಯವರು ನನ್ನ ಕಡೆ ತಿರುಗಿದರು. “ನೀವ್ ಹೇಳಿ ಮಾಸ್ಟ್ರೆ. ನಿಮ್ಮ್ ಕೆಲಸ. ಅಲ್ಲ್ ಒಡದ್ರೆ ಎಂತ ಆತ್ತ್?”

ಈ ಪ್ರಶ್ನೆಗೆ ಎರಡು ಉತ್ತರ ಇತ್ತು. ಒಂದು: ಕಟರ್ ಮೆಷಿನಿನಿಂದ ಅಂಚಿನ ಗೆರೆಯ ಮೇಲೆ ಕಲ್ಲಿನ ತನಕ ಸೀಳಿ, ಟೊಪ್ಪಿ ಬಿಚ್ಚಿ, ಮೇಲಿನಿಂದ ಒಂದೊಂದೇ ಕಲ್ಲು ಇಳಿಸಿದರೆ ಆ ತುಂಡು ಮಾತ್ರ ಹೋಗುತ್ತದೆ, ಎರಡು ಬದಿಯ ಸಾಲುಗಳಿಗೆ ಒಂದು ಬಿರುಕೂ ಬಾರದು. ದೇವಸ್ಥಾನಗಳಲ್ಲಿ ಬಾಗಿಲು ದೊಡ್ಡದು ಮಾಡುವಾಗ ನಾನೇ ಹಾಗೆ ಮಾಡಿಸಿದ್ದೇನೆ. ಇನ್ನೊಂದು ಉತ್ತರ ನಾನು ಹೇಳಿದ್ದು.

“ಕಾವಿ ಅಂದರೆ ಒಂದೇ ಚರ್ಮ,” ಎಂದು ಶುರು ಮಾಡಿದೆ. ಉಪನ್ಯಾಸದ ಧ್ವನಿ ತಾನಾಗಿಯೇ ಬಂತು. “ಮಧ್ಯದಲ್ಲಿ ಹೊಡೆದರೆ ಪೆಟ್ಟು ಉದ್ದಕ್ಕೂ ಹರಡುತ್ತದೆ. ಸುಣ್ಣ ಇನ್ನೂ ಹಸಿ ಇದೆ, ಗಟ್ಟಿಯಾಗಲು ಒಂದು ಮಳೆಗಾಲ ಕಳೆಯಬೇಕು. ಈಗ ಮುಟ್ಟಿದರೆ ಪೂರ್ತಿ ಗೋಡೆಗೆ ಅಪಾಯ.”

ಒಂದು ಶಬ್ದವೂ ಸುಳ್ಳಲ್ಲ. ಸುತ್ತಿಗೆಯಲ್ಲಿ ಹೊಡೆದರೆ ಹಾಗೇ ಆಗುತ್ತದೆ. ಸುತ್ತಿಗೆಯಲ್ಲಿ ಹೊಡೆಯಬೇಕಾಗಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಮೇಡಂ ನನ್ನನ್ನೇ ನೋಡುತ್ತಿದ್ದರು. ಮೇಸ್ತ್ರಿ ಬಂಗಾಳಿಯಲ್ಲಿ ಹೆಂಡತಿಯ ಹತ್ತಿರ ಏನು ಹೇಳಿದರು ಎಂದು ಕೇಳಿದ, ಅವಳು ಮಗಳ ಕೈ ಹಿಡಿದು ಹೆದ್ದಾರಿಯ ಕಡೆ ನಡೆದಳು. ಅಧ್ಯಕ್ಷೆಯವರಿಗೆ ಬೇರೆ ಕಡೆ ಹೋಗುವುದಿತ್ತು. “ಹಾಂಗಾರೆ ಮಳಿಗಾಲ ಕಳಿಲಿ. ಕಾಂಬ,” ಎಂದು ಕಾರು ಹತ್ತಿದರು.

ಯಜಮಾನರು ಒಳಗಿನಿಂದ ಒಂದು ಶಾಲು ತರಿಸಿ ಅಲ್ಲೇ ನನಗೆ ಹೊದಿಸಿದರು. ಮೇ ತಿಂಗಳ ಮಧ್ಯಾಹ್ನ, ಉಣ್ಣೆಯ ಶಾಲು. ಬೇಡ ಎನ್ನಬಹುದಿತ್ತು. ನಾನು ಕುತ್ತಿಗೆ ಬಗ್ಗಿಸಿ ಕೊಟ್ಟೆ. ಬ್ರಹ್ಮಾವರದ ಬಸ್ಸಿನಲ್ಲಿ ಅದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಕಲಾವಿದನಿಗೂ ತನ್ನ ಕೃತಿಯ ಮೇಲೆ ಒಂದು ಧರ್ಮ ಇರುತ್ತದೆ ಎಂದು ನನಗೆ ನಾನೇ ಬೋಧಿಸಿಕೊಂಡೆ. ಪಕ್ಕದಲ್ಲಿ ಕೂತವರು ಮದುವೆಗೆ ಹೋಗಿದ್ರಾ ಎಂದು ಕೇಳಿದರು.

ಮೇಡಂ ಆಮೇಲೆ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ.

ಜೂನಿನಲ್ಲಿ ಮಳೆ ಹಿಡಿದು ಶಾಲೆ ಶುರುವಾದ ಮೇಲೆ ಗೋಡೆಗೆ ಪಾಚಿ ಕಟ್ಟಿದೆಯೋ ನೋಡೋಣ ಎಂದು ಹೋದೆ. ಗೋಡೆಯನ್ನು ನೋಡಲೆಂದೇ ಹೋದದ್ದು, ಮನುಷ್ಯರನ್ನಲ್ಲ. ಹೆದ್ದಾರಿಯಲ್ಲಿ ಬಸ್ಸಿಳಿದಾಗ ಎದುರಿನಿಂದ ಮೇಸ್ತ್ರಿಯ ಹೆಂಡತಿ ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುತ್ತಿದ್ದಳು. ಒಂದೇ ಕೊಡೆ. ಒಂದು ಲಾರಿ ಹಾದುಹೋದಾಗ ಕೊಡೆಯನ್ನು ತಲೆಯಿಂದ ತೆಗೆದು ಬದಿಗೆ ಹಿಡಿದಳು. ಲಾರಿ ಎರಚಿದ ನೀರಿಗೆ ಆ ಕೊಡೆ ಎಲ್ಲಿಗೂ ಸಾಲಲಿಲ್ಲ. ಮಗುವಿನ ಯೂನಿಫಾರ್ಮು ಸೊಂಟದ ತನಕ ಕೆಂಪಾಯಿತು.

ನನ್ನನ್ನು ನೋಡಿ ಮುಖ ತಿರುಗಿಸುತ್ತಾಳೆ ಎಂದುಕೊಂಡೆ. ಅವಳು ಹತ್ತಿರ ಬಂದು, “ನೆಂದ್ಕಂಡ್ ಎಲ್ಲಿಗ್ ಹೊರಟ್ರಿ ಅಜ್ಜಯ್ಯ? ಬನ್ನಿ, ಆಸ್ರಿಗೆ ಕುಡ್ಕಂಡ್ ಹೋಯ್ನಿ,” ಎಂದಳು.

 ಅವರ ಹಿಂದೆಯೇ ಹೆದ್ದಾರಿಯಿಂದ ಇಳಿದೆ. ಮಣ್ಣಿನ ಗುಂಡಿ ತುಂಬಿ ಕೆರೆಯಾಗಿತ್ತು. ದಂಡೆಯಲ್ಲಿ ಒಬ್ಬರು ಹೋಗುವಷ್ಟು ಜಾರು ಅಂಚು. ಅಲ್ಲಲ್ಲಿ ಒಡೆದ ಹಂಚು ಹಾಸಿದ್ದರು. ಮಗು ಚಪ್ಪಲಿ ಕೈಯಲ್ಲಿ ಹಿಡಿದು ಅಭ್ಯಾಸವಾದವರಂತೆ ದಾಟಿತು. ನಾನು ಮಧ್ಯದಲ್ಲಿ ಜಾರಿ ಮಂಡಿಯೂರಿದೆ. ಅವಳು ತೋಳು ಹಿಡಿದು ಎತ್ತಿದಳು.

“ಮೆಲ್ಲ. ಇಲ್ಲ್ ಎಲ್ಲರೂ ಒಂದ್ಸಲ ಬೀಳುದೇ. ಇವ್ಳ್ ಎರಡ್ ಸಲ ಬಿದ್ಲ್.”

“ನೀರಿಗಾ?”

“ಒಂದ್ಸಲ ನೀರಿಗೆ. ಪಕ್ಕದ್ ಶೆಡ್ಡಿನವ ಇದ್ದ, ಎಳ್ದ.”

ಶೆಡ್ಡಿನ ಬಾಗಿಲಿನಿಂದ ನೋಡಿದರೆ ಎದುರಿಗೇ ಗೋಡೆಯ ಬೆನ್ನು. ಇಷ್ಟು ದಿನ ಕೆಲಸ ಮಾಡಿ ನಾನು ಅದನ್ನು ಈ ಕಡೆಯಿಂದ ನೋಡಿರಲೇ ಇಲ್ಲ. ಬರೀ ಕೆಂಪು ಕಲ್ಲು, ಸಂದಿನಲ್ಲಿ ಉಕ್ಕಿ ಹಾಗೇ ಒಣಗಿದ ಸಿಮೆಂಟು, ಹಂಚಿನ ಟೊಪ್ಪಿಯಿಂದ ಸುರಿಯುವ ನೀರು. ಆ ನೀರು ಅವರ ಅಂಗಳಕ್ಕೇ ಬೀಳುವ ಹಾಗೆ ಹಂಚಿನ ಇಳಿಜಾರು ಕೊಟ್ಟವನು ನಾನೇ. ಓಣಿಯ ಕಡೆಗೆ ಕೊಟ್ಟರೆ ಚಿತ್ರ ನೆನೆಯುತ್ತಿತ್ತು.

ಅವಳು ಸ್ಟೀಲು ಲೋಟದಲ್ಲಿ ನೀರು, ಕಾಗದದ ಚೂರಿನಲ್ಲಿ ಬೆಲ್ಲ ಇಟ್ಟಳು. ಒಳಗೆ ಎರಡು ಚೀಲ ಕಟ್ಟಿ ಇಟ್ಟಿದ್ದು ಕಾಣಿಸಿತು.

“ಊರಿಗಾ?”

“ಅಲ್ಲ. ಭಟ್ಕಳದ್ ಆಚಿ ಒಂದ್ ಸೈಟ್. ಇವ್ರ್ ಮೊನ್ನೆಯೇ ಹೋಯಿರ್. ಅಲ್ಲ್ ಸೈಟಂಗೇ ಇಪ್ಪುಕೆ ಜಾಗ ಕೊಡ್ತ್ರ್ ಅಂಬ್ರ್.” ಒಂದು ಚೀಲದ ಗಂಟು ಬಿಗಿ ಮಾಡುತ್ತ, “ಇವ್ಳ್ ಇಲ್ಲಿಂದ ಹೋಪುದಿಲ್ಲೆ ಅಂದೆಳಿ ಮರ್ಕ್ತ್ಲ್. ಟೀಚರ್ ಅಂದ್ರೆ ಭಾರೀ ಇಷ್ಟ. ಆರೆ ನಂಗ್ ನಿತ್ಯ ಹೆದ್ರಿ ಸಾಕಾಯ್ತ್,” ಎಂದಳು.

ಗೋಡೆಯ ಸುದ್ದಿ ಅವಳು ಎತ್ತಲಿಲ್ಲ. ಎತ್ತಿದ್ದರೆ ನನ್ನಲ್ಲಿ ಸುಣ್ಣ, ಹಸಿ, ಚರ್ಮ ಎಂಬ ಉತ್ತರ ಸಿದ್ಧವಿತ್ತು. ಬಾಯೊಳಗೆ ಬೆಲ್ಲ ಇತ್ತು. 

“ಒಂದೆರಡ್ ದಿನ ನಿಲ್ಲುಕೆ ಆತಿಲ್ಯಾ?” ಎಂದೆ.

“ಎಂತಕೆ ಅಜ್ಜಯ್ಯ?”

ಎಂತಕೆ ಎಂದು ಹೇಳಲು ನಾಚಿಕೆಯಾಯಿತು. “ಕಾಂಬ” ಎಂದೆ. ಹೇಳಿದ ಮೇಲೆ ಅದು ಯಾರ ಮಾತು ಎಂದು ನೆನಪಾಯಿತು.

ಅಲ್ಲಿಂದ ನೇರ ಅಧ್ಯಕ್ಷೆಯವರ ಮನೆಗೆ ಹೋದೆ. ಮಂಡಿಯ ತನಕ ಕೆಸರು; ಜಗಲಿ ಹತ್ತದೆ ಅಂಗಳದಲ್ಲೇ ನಿಂತು ಹೇಳಿದೆ. ಆ ದಿನ ಹೇಳಿದ್ದು ಅರ್ಧ, ಉಳಿದರ್ಧ ಹೀಗಿದೆ, ಮೆಷಿನಿನಲ್ಲಿ ಸೀಳಿ ತೆಗೆಯಬಹುದು, ಅಂದೂ ತೆಗೆಯಬಹುದಿತ್ತು.

ಅವರು ಸೊಪ್ಪು ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ಆ ದಿನ ನಿಮ್ಗ್ ಗೊತ್ತಿರ್ಲಿಲ್ಯಾ?”

“ಗೊತ್ತಿತ್ತ್.”

“ಮತ್ತೆ?”

ನಾನು ಕಾಲಿನ ಕೆಸರನ್ನು ಅಂಗಳದ ಕಲ್ಲಿಗೆ ಒರೆಸಿಕೊಂಡೆ. ಅವರು ಹೆಚ್ಚಿದ ಸೊಪ್ಪನ್ನು ಪಾತ್ರೆಗೆ ಸುರಿದರು. ಆಮೇಲೆ, “ಒಡುದಾರೆ ಮೊದ್ಲ್ ನೀವೇ ಕೈ ಹಾಕ್ಕ್. ಪಂಚಾಯ್ತಿ ಒಡದ್ರೆ ಕಲೆ ಒಡದ್ರ್ ಅಂಬ್ರ್. ನೀವ್ ಒಡದ್ರೆ ರಿಪೇರಿ ಅಂಬ್ರ್,” ಎಂದರು. ಮಂಗಳೂರಿನ ಜಾಗದ ಯಜಮಾನರಿಗೆ ಅವರೇ ಫೋನು ಮಾಡಿದರು. ಅವರು ಎಂದಿನಂತೆ, “ಪಂಚಾಯತಿಯವ್ರು ನೋಡ್ಕೊಳ್ಲಿ,” ಎಂದರು. ಈ ಸಲ ಆ ಮಾತು ಉಪಯೋಗಕ್ಕೆ ಬಂತು.

ಕಟರ್ ಮೆಷಿನು, ಅದನ್ನು ಹಿಡಿಯುವವರು, ಮಳೆ ಬಿಟ್ಟ ಹೊತ್ತು, ಈ ಮೂರೂ ಒಟ್ಟಿಗೆ ಕೂಡಿಬರಲು ನಾಲ್ಕೈದು ದಿನ ಹೋಯಿತು. ಹಾಲಾಡಿಯಿಂದ ಬಂದ ಇಬ್ಬರು ಟೊಪ್ಪಿಯ ಹಂಚು ಬಿಚ್ಚಿದರು. ನಾನು ಚಿತ್ರದ ಅಂಚಿನ ಬಳ್ಳಿಯ ಮೇಲೆ ಸುಣ್ಣದ ದಾರ ಹೊಡೆದು ಗೆರೆ ಹಾಕಿ ಮೆಷಿನು ಕೈಗೆ ತೆಗೆದುಕೊಂಡೆ. ಕೆಂಪು ಧೂಳು ಎದ್ದಿತು, ಆಮೇಲೆ ಬಿಳಿ, ಆಮೇಲೆ ಕಲ್ಲಿನ ಧೂಳು.

ಹೋಟೆಲಿನ ಯಜಮಾನರು ಕೊಡೆ ಹಿಡಿದು ಓಡಿ ಬಂದರು. “ಎಂತ ಮಾಡ್ತಿದ್ರಿ? ನಿಮ್ಗ್ ಮಂಡೆ ಸಮ ಇತ್ತಾ? ನೀವೇ ಹೇಳಿದ್ದಲ್ದಾ ಮುಟ್ಟುಕಾಗ ಅಂದೆಳಿ?”

“ಹೇಳಿದ್ದೆ. ಹೇಳಿದ್ದ್ ತಪ್ಪ್.”

“ಆ ಹೆಂಗ್ಸಿನ್ ಮೋರೆ ಕಾಣಿ. ಇಂಥದ್ ಇನ್ನೊಂದ್ ಬತ್ತಾ ನಿಮ್ಮ್ ಕೈಯಂಗೆ?”

“ಬಪ್ದಿಲ್ಲೆ,” ಎಂದೆ. ಅದು ನಿಜ.

ಅವರಿಗೆ ಅಳು ಬರುವುದರಲ್ಲಿತ್ತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆ ಚಿತ್ರವನ್ನು ಊರಿನಲ್ಲಿ ನಮ್ಮಿಬ್ಬರಷ್ಟು ಪ್ರೀತಿಸಿದವರು ಇನ್ನೊಬ್ಬರಿರಲಿಲ್ಲ, ಮತ್ತು ಅದೇ ನಮ್ಮಿಬ್ಬರ ಮೇಲಿನ ದೂರು. ಕೊನೆಗೆ ಅವರು, “ಹಾಂಗಾರೆ ಆ ಶಾಲ್ ವಾಪಾಸ್ ಕೊಡಿ,” ಎಂದರು. ನಾಳೆ ತತ್ತೆ ಎಂದೆ. ತಂದು ಕೊಟ್ಟೆ. ತೆಗೆದುಕೊಂಡರು.

ಕಲ್ಲುಗಳು ಮೇಲಿನಿಂದ ಒಂದೊಂದಾಗಿ ಇಳಿದವು. ಮೊದಲು ಅವಳ ತಲೆ, ಆಮೇಲೆ ಚೆಂಬು, ಕೊನೆಗೆ ಪಾದ. ಎರಡು ಬದಿಯ ಸಾಲುಗಳಿಗೆ ಒಂದು ಕೂದಲೆಳೆಯ ಬಿರುಕೂ ಬರಲಿಲ್ಲ. ಬಂದಿದ್ದರೆ ಒಂದು ಸಮಾಧಾನವಾದರೂ ಇರುತ್ತಿತ್ತು. ಸಂದಿನಿಂದ ಆಚೆ ನೋಡಿದೆ. ಮೇಸ್ತ್ರಿಯ ಶೆಡ್ಡಿನ ಬಾಗಿಲಲ್ಲಿ ಬೇರೆ ಯಾರದೋ ಬಟ್ಟೆ ಒಣಗುತ್ತಿತ್ತು. ಪಕ್ಕದ ಶೆಡ್ಡಿನವನು, ಅವರು ಹೋಗಿ ಎರಡು ದಿನವಾಯಿತು ಎಂದ.

ಮೇಡಂಗೆ ನಾನೇ ಫೋನು ಮಾಡಿ ತಿಳಿಸಿದೆ. “ಒಳ್ಳೇದಾಯ್ತು,” ಎಂದರು. ಫೋನಿಟ್ಟರು.

ಗೋಡೆಯ ನಡುವೆ ಈಗ ಒಬ್ಬರು ಸೈಕಲ್ ತಳ್ಳಿಕೊಂಡು ಹೋಗುವಷ್ಟು ಅಗಲದ ದಾರಿ ಇದೆ, ಶೆಡ್ಡಿನವರು ಅದರಲ್ಲೇ ಓಡಾಡುತ್ತಾರೆ. ಮೇಸ್ತ್ರಿಯ ಮನೆಯವರು ಭಟ್ಕಳದ ಆಚೆಯ ಸೈಟಿನಲ್ಲೇ ಇದ್ದಾರೆ. ಹತ್ತಿರ ಶಾಲೆಯಿಲ್ಲದ್ದರಿಂದ ಮಗು ಆ ವರ್ಷ ಶಾಲೆಗೆ ಹೋಗಲಿಲ್ಲ.